ನೀಲಕ್ಕನಿಗೆ ನಿದ್ದೆ ಬಂದ ಮೇಲೆ

“ಇಷ್ಟು ದೊಡ್ಡಾಕಿ ಆಗಿ ಹಾಸಿಗಿ ಒದ್ದೆ ಮಾಡ್ತೀಯಲ್ಲ, ನಾಚಿಕೆ ಆಗಲ್ಲೇನು ನಿಂಗೆ?”

ಮಾತು ಬಾಯಿಂದ ಬಿದ್ದ ಮೇಲೆಯೇ ದ್ರಾಕ್ಷಾಯಣಿಗೆ ವಾರ್ಡು ಎಷ್ಟು ಸುಮ್ಮನಾಗಿದೆ ಎಂದು ತಿಳಿದದ್ದು. ಸಂಜೆ ನಾಲ್ಕರ ಹೊತ್ತು. ಮಕ್ಕಳನ್ನು ನೋಡಲು ಬಂದವರು ಬುತ್ತಿಗಂಟು ಬಿಚ್ಚಿಕೊಂಡು ಮಂಚಗಳ ಸುತ್ತ ಕೂತಿದ್ದರು. ಅವರೆಲ್ಲ ಕಿಟಕಿಯ ಪಕ್ಕದ ಮಂಚದ ಕಡೆ ತಿರುಗಿ ನೋಡಿದರು.

ಮಂಚದ ಮೇಲಿದ್ದ ನೀಲಕ್ಕ ಕಣ್ಣು ಮುಚ್ಚಿಕೊಂಡಳು. ಏಳು ವರ್ಷದ ಹುಡುಗಿ. ಬೇವಿನ ಮರದಿಂದ ಬಿದ್ದು ತೊಡೆ ಮುರಿದುಕೊಂಡಿದ್ದಳು. ಕಾಲಿಗೆ ಹಗ್ಗ ಕಟ್ಟಿ ಮರಳಿನ ಚೀಲ ತೂಗುಹಾಕಿದ್ದರಿಂದ ಏಳುವ ಹಾಗಿಲ್ಲ, ಮಗ್ಗುಲಾಗುವ ಹಾಗೂ ಇಲ್ಲ. ಅಡಗಿಕೊಳ್ಳಲು ಅವಳಿಗೆ ಬೇರೆ ಜಾಗವಿರಲಿಲ್ಲ.

“ಒಂಚೂರು ದಾರಿ ಬಿಡ್ರಿ ಸಿಸ್ಟರ್.”

ಹಿಂದೆ ನಿಂತಿದ್ದವನು ಹುಡುಗಿಯ ಅಪ್ಪ, ಬಕ್ಕೇಶ. ಹರಿಹರದ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಕೈಯಲ್ಲಿದ್ದ ಬಾಳೆಹಣ್ಣನ್ನು ಕಿಟಕಿಯಲ್ಲಿಟ್ಟು, ಒಂದು ಕೈಯಿಂದ ಮಗಳ ಸೊಂಟವನ್ನು ಹೂವಿನ ಹಾಗೆ ಎತ್ತಿ, ಇನ್ನೊಂದು ಕೈಯಿಂದ ಕೆಳಗೆ ಹಾಸಿದ್ದ ಒದ್ದೆ ದುಪ್ಪಟಿ ಎಳೆದುಕೊಂಡ. ಹೆಗಲ ಮೇಲಿನ ಟವೆಲ್ಲನ್ನು ಮಗಳಿಗೆ ಹೊದಿಸಿದ. ಆಮೇಲೆ ಅಂಗಳದ ನಲ್ಲಿಗೆ ಹೋಗಿ, ಅಂಗಿಯ ತೋಳು ಮಡಚಿ, ಎಲ್ಲರ ಎದುರಿಗೆ ಕೂತು ಆ ದುಪ್ಪಟಿಯನ್ನು ಒಗೆಯತೊಡಗಿದ.

ಆಯಾ ಖತೀಜಾಬೀ ಬಾಗಿಲಲ್ಲಿ ನಿಂತು ಗಲ್ಲದ ಮೇಲೆ ಬೆರಳಿಟ್ಟುಕೊಂಡಳು. “ಗಂಡಸು ದುಪ್ಪಟಿ ಒಗ್ಯಾದು ನಾ ಇವತ್ತೇ ನೋಡಿದ್ದು, ಸಿಸ್ಟರಮ್ಮ.”

ಅವನು ಹಿಂಡಿ, ಝಾಡಿಸಿ, ತಂತಿಯ ಮೇಲೆ ಹರವಿದ. ಒಳಗೆ ಬಂದು ಮಗಳಿಗೆ ಬಾಳೆಹಣ್ಣು ಸುಲಿದುಕೊಟ್ಟ. ದ್ರಾಕ್ಷಾಯಣಿಗೆ ಒಂದು ಮಾತೂ ಅನ್ನಲಿಲ್ಲ.

ಬೈದಿದ್ದರೆ ಅವಳೂ ಬೈಯಬಹುದಿತ್ತು. ಬೈಯದೆ ಹೋದವನ ಬೆನ್ನು ನೋಡುತ್ತ ನಿಂತಾಗ, ಬಿಳಿ ಟೋಪಿಯ ಕೆಳಗೆ ಅವಳ ಕಿವಿಗಳು ಸುಡುತ್ತಿದ್ದವು.

ಅದು ಅರವತ್ತೊಂದನೇ ಇಸವಿ. ದಾವಣಗೆರೆಯ ಹತ್ತಿ ವರ್ತಕರು ಸೇರಿ ನಡೆಸುತ್ತಿದ್ದ ಸಣ್ಣ ಧರ್ಮಾಸ್ಪತ್ರೆ. ಮಕ್ಕಳ ವಾರ್ಡು ಎಂದರೆ ಉದ್ದನೆಯ ಒಂದು ಕೋಣೆ, ಹತ್ತು ಕಬ್ಬಿಣದ ಮಂಚ, ನಡುವೆ ನೇತಾಡುವ ಒಂದು ಬರಿಯ ಬಲ್ಬು. ಆರು ಗಂಟೆಗೆ ಗಂಟೆ ಹೊಡೆದರೆ ತಾಯಂದಿರೆಲ್ಲ ಹೊರಗೆ. ಆಮೇಲೆ ಅಳು ಶುರು. ಒಂದು ಕೂಸು ಸುಮ್ಮನಾದರೆ ಇನ್ನೊಂದು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಗಾಲಿ ಕಿರುಗುಡುವ ಔಷಧಿ ಗಾಡಿ, ಅದು ಮುಗಿದರೆ ಮಿಲ್ಲಿನ ಸೈರನ್ನು, ಕೋಳಿ ಕೂಗುವ ಮೊದಲೇ ಬಾಯಿಗೆ ಥರ್ಮಾಮೀಟರು. ಮಕ್ಕಳು ಹಗಲೆಲ್ಲ ತೂಕಡಿಸುತ್ತಿದ್ದವು. ಆಸ್ಪತ್ರೆಯೆಂದರೆ ಹೀಗೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ದ್ರಾಕ್ಷಾಯಣಿಯೂ ಒಪ್ಪಿಕೊಂಡಿದ್ದಳು.

ಇಪ್ಪತ್ತಾರರ ಅವಳು ಮನೆಯವರ ಮಾತು ಮೀರಿ ನರ್ಸಿಂಗ್ ಕಲಿತವಳು. ಕೆ.ಬಿ. ಬಡಾವಣೆಯಲ್ಲಿದ್ದ ಅಣ್ಣ ತೋಟಪ್ಪ ಕೇಳಿದವರಿಗೆಲ್ಲ “ತಂಗಿ ಸ್ಕೂಲ್ ಟೀಚರು” ಎಂದೇ ಹೇಳುತ್ತಿದ್ದ. ಯಾರಿಂದಲೂ ಒಂದು ಮಾತು ಬರಬಾರದು ಎಂದು ಅವಳು ಬಿಗಿಯಾಗಿ ಬದುಕುತ್ತಿದ್ದಳು. ಆ ಬಿಗಿಯೇ ಯಾವಾಗ ನಾಲಿಗೆಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಸಂಜೆ ಬಕ್ಕೇಶ ಬಂದಾಗ ಅವಳು ಅವನ ಎದುರಿಗೆ ಹೋಗಿ ನಿಂತಳು. ಬೆಳಗ್ಗಿನಿಂದ ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

“ನಿನ್ನೆ ಒಗೆದ ದುಪ್ಪಟಿ ಒಣಗೈತ್ರಿ,” ಎಂದಳು.

ಅವನು ಅವಳನ್ನು ನೋಡಿದ. ದೊಡ್ಡ ಕಣ್ಣು, ರೆಪ್ಪೆಯ ಅಂಚಿನಲ್ಲಿ ಸ್ಟೇಷನ್ನಿನ ಹೊಗೆಯ ಕಪ್ಪು. “ಒಳ್ಳೇದಾತು ಬಿಡ್ರಿ. ನಾನು ಅದೇ ಚಿಂತಿ ಮಾಡ್ತಾ ಬಂದೆ,” ಎಂದ.

ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗುವಿತ್ತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ತಪ್ಪು ನಂದು. ಹಂಗೆ ಅನ್ನಬಾರದಿತ್ತು.”

“ನನಗೆ ಹೇಳ್ಬ್ಯಾಡ್ರಿ ಸಿಸ್ಟರ್. ಆಕಿಗೆ ಹೇಳ್ರಿ.”

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ನೀಲಕ್ಕನ ಮಂಚದ ಅಂಚಿಗೆ ಕೂತಳು. ಹುಡುಗಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಕೆನ್ನೆ ಒಳಗೆ ಹೋಗಿತ್ತು. ಮೂಳೆ ಕೂಡುತ್ತಿದೆ, ಆದರೆ ಮಗು ಯಾಕೆ ಇಳಿದುಹೋಗುತ್ತಿದೆ ಎಂದು ಡಾಕ್ಟರು ಅಂದೇ ಬೆಳಿಗ್ಗೆ ಕೇಳಿದ್ದರು.

“ನಿನ್ನೆ ನಾನು ಬೈದೆ. ನಂದೇ ತಪ್ಪು, ನೀಲಕ್ಕ.”

ಹುಡುಗಿ ಸೂರು ನೋಡುತ್ತಿದ್ದಳು. “ರಾತ್ರಿ ಮಾಡಂಗಿಲ್ಲ ನಾನು,” ಎಂದಳು.

“ಏನು?”

“ರಾತ್ರಿ ನಿದ್ದಿನೇ ಮಾಡಲ್ಲ. ಎಚ್ಚರ ಇರ್ತೀನಿ. ಎಚ್ಚರ ಇದ್ರೆ ಒದ್ದೆ ಆಗಲ್ಲ. ಹಗಲು ಮಾತ್ರ ತಡಿಯಾಕೆ ಆಗಲ್ಲ, ಕಣ್ಣು ತಾನೇ ಮುಚ್ಚಿಹೋಗ್ತಾವೆ.”

“ಬೆಡ್‌ಪ್ಯಾನ್ ಬೇಕು ಅಂತ ಆಯಾಗೆ ಹೇಳಬೇಕಪ್ಪ.”

“ಆಕಿ ಬಕೀಟು ಬಡೀತಾಳೆ. ಎಲ್ಲರಿಗೂ ಗೊತ್ತಾಗ್ತೈತೆ.”

ಏಳು ವರ್ಷದ ಮಗು ಮಾನಕ್ಕಾಗಿ ರಾತ್ರಿಯೆಲ್ಲ ಕಾವಲು ಕೂತಿದೆ. ದ್ರಾಕ್ಷಾಯಣಿ ಆ ಪುಟ್ಟ ಕೈಯನ್ನು ಹಿಡಿದುಕೊಂಡಳು. ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಮಾರನೆಯ ದಿನವೇ ಅವಳು ಶುರುಮಾಡಿದಳು. ಮಲಗುವ ಹೊತ್ತಿಗೆ ಮೊದಲು ಎಲ್ಲ ಮಕ್ಕಳಿಗೂ ಸಾಲಾಗಿ ಬೆಡ್‌ಪ್ಯಾನ್, ಅಡ್ಡ ಒಂದು ಸೀರೆ ಹಿಡಿದು. ಯಾರೂ ಕೇಳುವಂತಿಲ್ಲ, ಯಾರೂ ನಾಚುವಂತಿಲ್ಲ. ಬಕೀಟಿನ ಕೆಳಗೆ ಹಳೆ ಗೋಣಿ. ಖತೀಜಾಬೀ ಮೊದಲು ಗೊಣಗಿದಳು, ಕಾರಣ ಕೇಳಿದ ಮೇಲೆ ಕಣ್ಣೊರಸಿಕೊಂಡು ಬರಿಗಾಲಲ್ಲಿ ಓಡಾಡತೊಡಗಿದಳು. ಔಷಧಿ ಗಾಡಿಯ ಗಾಲಿಗೆ ಹರಳೆಣ್ಣೆ ಬಿತ್ತು. ಬಲ್ಬಿಗೆ ಸಕ್ಕರೆ ಪೊಟ್ಟಣದ ನೀಲಿ ಕಾಗದದ ಟೋಪಿ ಬಂತು. ಜ್ವರವಿಲ್ಲದ ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸಬೇಡಿ ಎಂದು ರಾತ್ರಿ ಪಾಳಿಯ ನರ್ಸಿನ ಕೈಕಾಲು ಹಿಡಿದಳು.

ಬೇರೆ ಮಕ್ಕಳು ಮಲಗಿದವು. ನೀಲಕ್ಕ ಮಾತ್ರ ಮಲಗಲಿಲ್ಲ. ಅವಳಿಗೆ ಎಚ್ಚರ ರೂಢಿಯಾಗಿಬಿಟ್ಟಿತ್ತು.

“ಮನೆಯಾಗೆ ಹೆಂಗೆ ಮಲಗ್ತಿದ್ಲು?” ದ್ರಾಕ್ಷಾಯಣಿ ಬಕ್ಕೇಶನನ್ನು ಕೇಳಿದಳು.

ಅವನು ಮುಖ ತಗ್ಗಿಸಿದ. “ಹೇಳಿದ್ರೆ ನಗ್ತೀರಿ.”

“ನಗೋದಿಲ್ಲ.”

“ನನಗೆ ಕಥಿ ಬರಲ್ರಿ. ಜೋಗುಳ ಅಂತೂ ಮೊದಲೇ ಬರಲ್ಲ. ಆಕಿ ಅವ್ವ ಹೋದ ಮ್ಯಾಲೆ ಏನು ಮಾಡ್ಬೇಕು ತಿಳೀದೆ, ಸ್ಟೇಷನ್ ಹೆಸರು ಹೇಳ್ತಿದ್ದೆ. ಹರಿಹರದಿಂದ ಹಿಡಿದು. ಒಂದೊಂದೇ. ನಿಧಾನಕ್ಕೆ, ಗಾಡಿ ಹೋದಂಗೆ.”

ಅವಳು ನಗಲಿಲ್ಲ. ನಗು ಬಂದದ್ದು ನಿಜ, ಅದನ್ನು ಕಣ್ಣಲ್ಲೇ ಹಿಡಿದಿಟ್ಟುಕೊಂಡಳು. ಅವನಿಗೆ ಅದು ಕಂಡಿತು.

“ಕಣ್ಣಾಗೆ ನಗಾಕತ್ತೀರಿ.”

“ಕಣ್ಣಿನ ಬಗ್ಗೆ ನಾನೇನೂ ಮಾತು ಕೊಟ್ಟಿಲ್ಲ,” ಎಂದಳು.

ಆರರ ಮೇಲೆ ಯಾರೂ ಒಳಗಿರುವಂತಿಲ್ಲ, ಗಂಡಸರಂತೂ ಇಲ್ಲವೇ ಇಲ್ಲ. ಆದರೆ ನೀಲಕ್ಕನ ಮಂಚಕ್ಕೆ ಒತ್ತಿಕೊಂಡು ಕಿಟಕಿಯಿತ್ತು, ಕಿಟಕಿಯ ಆಚೆ ಜಗಲಿ. “ನೀವು ಅಲ್ಲಿ ಕೂಡ್ರಿ. ಅದು ವಾರ್ಡಲ್ಲ,” ಎಂದಳು ದ್ರಾಕ್ಷಾಯಣಿ. ಎಂಟೂವರೆಯ ಗಾಡಿಗೆ ಅವನು ಹರಿಹರಕ್ಕೆ ಹೋದರಾಯಿತು.

ಹಾಗೆ ಬಕ್ಕೇಶ ಸರಳಿನ ಒಳಗೆ ಕೈಯಿಟ್ಟ. ನೀಲಕ್ಕ ಅವನ ಕಿರುಬೆರಳು ಹಿಡಿದುಕೊಂಡಳು. “ಹರಿಹರ,” ಎಂದ ಅವನು ಮೆಲ್ಲಗೆ. “ದಾವಣಗೆರೆ. ತೋಳಹುಣಸೆ. ಕೊಡಗನೂರು.” ಊರಿಂದ ಊರಿಗೆ ಇಷ್ಟಿಷ್ಟು ಬಿಡುವು. ವಾರ್ಡಿನ ಮಕ್ಕಳೆಲ್ಲ ಕಿವಿಗೊಟ್ಟವು. ಬೀರೂರು ಬರುವಷ್ಟರಲ್ಲಿ ಮೂಲೆಯ ಮಂಚದ ಕೆಮ್ಮಿನ ಹುಡುಗ ಮಲಗಿದ. ಕಡೂರಿಗೆ ಇಬ್ಬರು. ನೀಲಕ್ಕ ಮೊದಲ ದಿನ ಬೆಂಗಳೂರಿನವರೆಗೂ ಎಚ್ಚರವಿದ್ದಳು, ಎರಡನೇ ದಿನ ತುಮಕೂರಿಗೆ ಇಳಿದಳು. ಒಂದು ವಾರದಲ್ಲಿ ಅರಸೀಕೆರೆ ದಾಟುವವರೇ ಇರಲಿಲ್ಲ.

ದ್ರಾಕ್ಷಾಯಣಿ ಮೇಜಿನ ಮುಂದೆ ಬ್ಯಾಂಡೇಜು ಸುತ್ತುತ್ತ ಕೂತಿರುತ್ತಿದ್ದಳು. ಕಿಟಕಿಗೆ ಬೆನ್ನು. ಆದರೆ ಆ ಬೆನ್ನಿಗೆ ಎಲ್ಲವೂ ತಿಳಿಯುತ್ತಿತ್ತು.

“ತೋಳಹುಣಸೆ. ಕೊಡಗನೂರು. ಚಿಕ್ಕಜಾಜೂರು.”

“ಮಾಯಕೊಂಡ ಬಿಟ್ರಿ,” ಎಂದಳು ಅವಳು ತಿರುಗದೆ.

“ಇವತ್ತು ಅಲ್ಲಿ ಗಾಡಿ ನಿಲ್ಲಲ್ಲ ಸಿಸ್ಟರ್.”

“ಯಾಕ?”

“ಇಳಿಯೋರು ಯಾರಿಲ್ಲ.”

“ನಮ್ಮ ಸೋದರತ್ತೆ ಊರದು. ನಿಲ್ಲಿಸ್ರಿ.”

“ಆತು. ನಿಲ್ಲಿಸ್ದೆ.” ಒಂದು ಗಳಿಗೆ ಬಿಟ್ಟು, “ಎಷ್ಟು ಹೊತ್ತು ನಿಲ್ಲಿಸ್ಲಿ?”

ಅವಳು ಸುತ್ತುತ್ತಿದ್ದ ಬ್ಯಾಂಡೇಜು ಕೈಜಾರಿ ನೆಲದ ಮೇಲೆ ಬಿಚ್ಚಿಕೊಂಡು ಕಿಟಕಿಯ ತನಕ ಉರುಳಿತು. ಎತ್ತಿಕೊಳ್ಳಲು ಹೋದವಳು ತಲೆಯೆತ್ತಿದಾಗ ಅವನು ಸರಳಿನ ಆಚೆಯಿಂದ ನೋಡುತ್ತಿದ್ದ. ನೀಲಿ ಕಾಗದದ ಬೆಳಕಿನಲ್ಲಿ ಅವನ ಮುಖದ ಹೊಗೆ, ದಣಿವು ಎಲ್ಲ ಅಳಿಸಿಹೋಗಿತ್ತು. ನೀಲಕ್ಕನಿಗೆ ಯಾವಾಗಲೋ ನಿದ್ದೆ ಹತ್ತಿತ್ತು. ಆದರೂ ಅವನು ಎದ್ದಿರಲಿಲ್ಲ.

“ಗಾಡಿ ತಪ್ಪುತ್ತೆ ನಿಮಗೆ,” ಎಂದಳು.

“ಹೌದ್ರಿ,” ಎಂದ. ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದ.

ಊರ ಬಾಯಿಗೆ ಇಷ್ಟೇ ಸಾಕಾಯಿತು. ಒಂದು ಸಂಜೆ ಆಸ್ಪತ್ರೆಯ ಕಮಿಟಿಯ ಹಿರಿಯ ಯಜಮಾನರು ಹೇಳದೆ ಕೇಳದೆ ಬಂದರು. ಅವರ ಹಿಂದೆ ಮೇಟ್ರನ್ ಮರಿಯವ್ವ, ಗೇಟು ಕಾಯುವ ಹುಲಿಯಪ್ಪ, ಇನ್ನೊಂದಿಬ್ಬರು. ಟಾರ್ಚಿನ ಬೆಳಕು ಜಗಲಿಯ ಮೇಲೆ ಕೂತಿದ್ದ ಬಕ್ಕೇಶನ ಮುಖಕ್ಕೆ ಬಿತ್ತು. ಅವನ ಕೈ ಆಗಲೂ ಸರಳಿನ ಒಳಗಿತ್ತು.

“ಯಾರೀತ?” ಎಂದರು ಯಜಮಾನರು. “ಹೆಂಗಸರು ಡ್ಯೂಟಿ ಮಾಡೋ ಜಾಗದಾಗೆ ಕತ್ತಲಾಗೆ ಗಂಡಸಿಗೆ ಏನು ಕೆಲಸ? ಊರಾಗೆ ಜನ ಆಡ್ಕಳ್ಳೋದು ಖರೆ ಅಂದಂಗಾತು.” ಆಮೇಲೆ ದ್ರಾಕ್ಷಾಯಣಿಯ ಕಡೆ ತಿರುಗಿದರು. “ನೀನು ತೋಟಪ್ಪನ ತಂಗಿ ಅಲ್ಲೇನು? ನೀನೇ ಕೂರಿಸಿದ್ದೋ ಈತನ್ನ?”

ಹೌದು ಅನ್ನುವುದು ಒಂದೇ ಮಾತು. ಮಗುವಿಗೆ ನಿದ್ದೆ ಬರಲೆಂದು ನಾನೇ ಕೂಡ್ರಿ ಅಂದೆ. ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಣ್ಣನ ಹೆಸರು ಕೇಳಿದ್ದೇ ತಡ ಈ ಸುದ್ದಿ ಅವನ ಬಾಗಿಲು ಮುಟ್ಟುವುದು ಕಣ್ಣಿಗೆ ಕಟ್ಟಿತು. ಹುಲಿಯಪ್ಪ ಮುಸಿಮುಸಿ ನಗುತ್ತಿದ್ದದ್ದು ಕಂಡಿತು.

“ಇಲ್ಲ,” ಎಂದಳು. “ನಾನು ಹೇಳಿಲ್ಲ. ಅವರೇ ಬಂದು ಕೂತಿದಾರೆ. ನನಗೆ ಗೊತ್ತೇ ಇಲ್ಲ.”

ಬಕ್ಕೇಶ ಅವಳನ್ನು ನೋಡಿದ. ಒಂದೇ ಸಲ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಮಗಳ ಮುಷ್ಟಿಯಿಂದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತ.

“ಹೌದ್ರಿ. ನಾನೇ ಬಂದೆ. ಸಿಸ್ಟರ್‌ಗೆ ಗೊತ್ತಿಲ್ಲ,” ಎಂದ.

ಹುಲಿಯಪ್ಪ ಅವನ ರಟ್ಟೆ ಹಿಡಿದ. ಹಿಡಿಯುವ ಅಗತ್ಯವೇನೂ ಇರಲಿಲ್ಲ, ಅವನು ತಾನೇ ಹೋಗುತ್ತಿದ್ದ. ಗೇಟಿನ ತನಕ ಕಳ್ಳನನ್ನು ನಡೆಸಿದ ಹಾಗೆ ನಡೆಸಿದರು. ನೀಲಕ್ಕ ಎಚ್ಚರಗೊಂಡು ಅದನ್ನೆಲ್ಲ ನೋಡಿದಳು. ಅಳಲಿಲ್ಲ. ದ್ರಾಕ್ಷಾಯಣಿ ಹೊದಿಕೆ ಸರಿಮಾಡಲು ಹೋದಾಗ ಮುಖ ಗೋಡೆಗೆ ತಿರುಗಿಸಿ, “ನೀವೇ ಕೂಡ್ರಿ ಅಂದಿದ್ರಿ,” ಎಂದಳು, ಅಷ್ಟೇ.

ಬಕ್ಕೇಶ ಆಮೇಲೆ ಹಗಲು ಹೊತ್ತು ಬಂದು, ಮಗಳನ್ನು ನೋಡಿ, ಗಂಟೆಗೆ ಮೊದಲೇ ಹೋಗುತ್ತಿದ್ದ. ದ್ರಾಕ್ಷಾಯಣಿ ಎದುರಾದರೆ “ನಮಸ್ಕಾರ ಸಿಸ್ಟರ್” ಎಂದು ಪಕ್ಕಕ್ಕೆ ಸರಿಯುತ್ತಿದ್ದ. ನೀಲಕ್ಕ ಮತ್ತೆ ಕಣ್ಣು ಬಿಟ್ಟುಕೊಂಡೇ ರಾತ್ರಿ ಕಳೆಯತೊಡಗಿದಳು. ಅನ್ನ ಬಿಟ್ಟಳು. ದ್ರಾಕ್ಷಾಯಣಿಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವುದೂ ಬೇಡವಾಯಿತು.

ರಜೆಯ ದಿನ ಅವಳು ಹರಿಹರದ ಬಸ್ಸು ಹತ್ತಿದಳು.

ಮಧ್ಯಾಹ್ನದ ಸ್ಟೇಷನ್ನು ಬಣಗುಡುತ್ತಿತ್ತು. ತುಂಗಭದ್ರೆಯ ಕಡೆಯಿಂದ ಬಿಸಿಗಾಳಿ. ಟಿಕೀಟಿನ ಕಿಂಡಿಯ ಒಳಗೆ ಬಕ್ಕೇಶ ತಲೆ ಬಗ್ಗಿಸಿ ಕೂತಿದ್ದ.

“ಎಲ್ಲಿಗೆ?” ಎಂದ, ನೋಡದೆಯೇ.

“ದಾವಣಗೆರೆಗೆ.”

ತಲೆಯೆತ್ತಿದ. ಬಣ್ಣದ ಸೀರೆಯಲ್ಲಿ ಅವಳನ್ನು ಅವನು ನೋಡಿದ್ದೇ ಇಲ್ಲ. ಎದ್ದು ನಿಂತ. “ನೀಲಕ್ಕ—”

“ಚೆನ್ನಾಗಿದಾಳೆ. ಅಂದ್ರೆ, ಹಂಗೇ ಇದಾಳೆ. ನಾನು ನಿಮ್ಮ ಹತ್ರ ಮಾತಾಡಾಕೆ ಬಂದೆ.”

ಅವನು ಕಿಂಡಿಗೆ ಹಲಗೆ ಎಳೆದು ಹೊರಗೆ ಬಂದ. ಪ್ಲಾಟ್‌ಫಾರಂನ ಕೊನೆಯಲ್ಲಿ ಒಂದು ಕಲ್ಲು ಬೆಂಚಿತ್ತು. ಇಬ್ಬರೂ ಕೂರಲಿಲ್ಲ, ಬೆಂಚಿನ ಆಚೆ ಒಬ್ಬರು ಈಚೆ ಒಬ್ಬರು ನಿಂತರು.

“ಆವತ್ತು ನಾನು ಸುಳ್ಳು ಹೇಳಿದೆ,” ಎಂದಳು ದ್ರಾಕ್ಷಾಯಣಿ. “ನೀವು ಆ ಸುಳ್ಳಿಗೆ ಹೌದು ಅಂದ್ರಿ. ಬೈದಿದ್ರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ. ಯಾಕ ಹಂಗೆ ಮಾಡಿದ್ರಿ?”

ಬಕ್ಕೇಶ ಹಳಿಗಳ ಕಡೆ ನೋಡುತ್ತಿದ್ದ. “ನಿಮಗೆ ಒಳ್ಳೇದು ಮಾಡಾಕೆ ಅಂತ ತಿಳ್ಕೊಂಡ್ರೆ ತಪ್ಪು. ನನಗೆ ಬಾಯೇ ಬರ್ಲಿಲ್ಲ. ಕಳ್ಳ ಸಿಕ್ಕಿಬಿದ್ದಂಗೆ ಆಗಿತ್ತು.”

“ಕಳ್ಳತನ ಏನು ಮಾಡಿದ್ರಿ ನೀವು?”

“ಆ ಯಜಮಾನ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ ಸಿಸ್ಟರ್.” ಅವನ ಕತ್ತು ಕೆಂಪಾಗಿತ್ತು. “ಮೊದಮೊದಲು ಮಗಳಿಗಂತ ಬಂದೆ. ಆಮೇಲೆ ಆಮೇಲೆ… ಆಕಿಗೆ ನಿದ್ದಿ ಬಂದ ಮ್ಯಾಲೆ ನಾನು ಯಾರಿಗಾಗಿ ಕೂತಿರ್ತಿದ್ದೆ, ನನಗೆ ಗೊತ್ತು. ಬೇಗ ಮಲಗ್ಲಿ ಅಂತ ಊರು ಬಿಟ್ಟುಬಿಟ್ಟು ಹೇಳಿದ್ದೂ ಐತೆ. ಮಗಳು ಕಾಲು ಮುರ್ಕಂಡು ಮಲಗಿರೋವಾಗ ಅಪ್ಪ ಆದವನು ಇಂಥಾದ್ದು ಮಾಡ್ತಾನೇನ್ರಿ? ಟಾರ್ಚ್ ಬಿದ್ದಾಗ ನನಗೆ ನನ್ನ ಮುಖ ನಾನೇ ಕಂಡಂಗಾತು.”

ಗೂಡ್ಸು ಗಾಡಿಯೊಂದು ದೂರದ ಹಳಿಯ ಮೇಲೆ ಉಸಿರುಬಿಡುತ್ತ ನಿಂತಿತ್ತು. ಅವಳಿಗೆ ಹೇಳಲು ಬೇಕಾದಷ್ಟಿತ್ತು. ಬ್ಯಾಂಡೇಜು ಕೈಜಾರಿದ್ದು ಯಾಕೆ, ಕಿಟಕಿಗೆ ಬೆನ್ನು ಹಾಕಿ ಕೂತದ್ದು ಯಾಕೆ, ಎಂಟೂವರೆ ಆಗಬಾರದೆಂದು ಗಡಿಯಾರದ ಕಡೆ ನೋಡದೆ ಇದ್ದದ್ದು ಯಾಕೆ. ಆದರೆ ಒಮ್ಮೆ ಅವನನ್ನು ಇಲ್ಲ ಅಂದ ಬಾಯಿ ಇದು. ಈಗ ಇದರಿಂದ ಏನು ಬಂದರೂ ಅಗ್ಗ ಅನ್ನಿಸಿತು.

“ನೀವು ಏನೂ ಹೇಳ್ಬ್ಯಾಡ್ರಿ,” ಎಂದ ಬಕ್ಕೇಶ. “ನಿಮಗೆ ನೌಕರಿ ಐತೆ, ಮನೆತನ ಐತೆ. ನನ್ನ ಮಗಳಿಗೆ ಒಂಚೂರು ನಿದ್ದಿ ಬರೋಹಂಗೆ ಮಾಡ್ರಿ, ಸಾಕು.”

ಅವಳು ಹಾಗೆಯೇ ಬಸ್ಸು ಹತ್ತಿ ಬಂದಳು.

ಮರುದಿನ ಬೆಳಿಗ್ಗೆ ಮರಿಯವ್ವನ ಕೋಣೆಯ ಬಾಗಿಲು ತಟ್ಟಿದಳು. ಮರಿಯವ್ವ ಐವತ್ತು ದಾಟಿದ ಹೆಂಗಸು, ಆಸ್ಪತ್ರೆಯ ಹರಿದ ದಿಂಬುಗಳನ್ನು ತಾನೇ ಕೂತು ಹೊಲಿಯುತ್ತಿದ್ದಳು. ಡಾಕ್ಟರುಗಳೂ ಅವಳಿಗೆ ಹೆದರುತ್ತಿದ್ದರು.

“ಮೇಡಂ, ಆವತ್ತು ನಾನು ಸುಳ್ಳು ಹೇಳ್ದೆ. ಅವರನ್ನ ಜಗಲಿ ಮ್ಯಾಲೆ ಕೂರಿಸಿದ್ದು ನಾನೇ.”

“ಗೊತ್ತು,” ಎಂದಳು ಮರಿಯವ್ವ, ಸೂಜಿ ನಿಲ್ಲಿಸದೆ. “ನೀನಾಗಿ ಬಂದು ಹೇಳ್ತೀಯೋ ಇಲ್ಲೋ ಅಂತ ಕಾದೆ.”

“ನನ್ನ ತಪ್ಪಿಗೆ ಏನು ಬೇಕಾದ್ರೂ ಮಾಡ್ರಿ. ಆದ್ರೆ ಮಕ್ಕಳ ಹತ್ರ ರಾತ್ರಿ ಒಬ್ಬರು ಮನಿಯವರು ಇರಾಕೆ ಬಿಡ್ರಿ. ನಾವು ಬಲ್ಬು ಮುಚ್ಚಿದ್ವಿ, ಗಾಲಿಗೆ ಎಣ್ಣಿ ಹಾಕಿದ್ವಿ. ಕತ್ತಲಾಗೆ ಒಂದು ಗುರುತಿನ ಕೈ ಸಿಕ್ಕಿದ್ರೆ ಮಕ್ಕಳು ಮಲಗ್ತಾವೆ. ನಾನು ಕಣ್ಣಾರೆ ನೋಡೀನಿ.”

ಮರಿಯವ್ವ ದಾರ ಹಲ್ಲಿನಿಂದ ಕಡಿದಳು. “ಒಂದು ಕೇಳ್ತೀನಿ. ಇದಕ್ಕೂ ಸುಳ್ಳು ಹೇಳೋದಿದ್ರೆ ಟೋಪಿ ತೆಗೆದಿಟ್ಟು ಈಗಲೇ ಹೋಗು. ಆ ಮನುಷ್ಯನ ಮ್ಯಾಲೆ ನಿನಗೆ ಮನಸ್ಸೈತೇನು?”

ಹೊರಗೆ ಯಾರೋ ಕಸ ಗುಡಿಸುತ್ತಿದ್ದರು. ದ್ರಾಕ್ಷಾಯಣಿಗೆ ಕಾಲಿನಿಂದ ನೆತ್ತಿಯ ತನಕ ಬಿಸಿ ಏರಿತು. ಅವನಿಗೆ ಹೇಳಲಾರದ ಮಾತು. ಹೇಳಿದರೆ ಊರು ಆಡಿಕೊಂಡದ್ದೇ ನಿಜವಾದ ಹಾಗೆ. ಮಗುವಿನ ನಿದ್ದೆಗಾಗಿ ಮಾಡಿದ್ದೆಲ್ಲ ನೆಪವಾದ ಹಾಗೆ.

“ಐತೆ,” ಎಂದಳು.

“ಮಗುಗೋಸ್ಕರ ಕೂರಿಸಿದ್ದೋ, ನಿನಗೋಸ್ಕರವೋ?”

“ಶುರುವಿನಾಗೆ ಮಗುಗೋಸ್ಕರ. ಕೊನೆಕೊನೆಗೆ ನನಗೇ ಗೊತ್ತಾಗ್ತಿರಲಿಲ್ಲ.”

ಮರಿಯವ್ವ ಮೊದಲ ಸಲ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದಳು. ಆ ನೋಟ ಅವಳು ಹೆದರಿದಷ್ಟು ಬಿರುಸಾಗಿರಲಿಲ್ಲ. “ಹಂಗಾರೆ ಆ ವಾರ್ಡಿನಾಗೆ ನೀನಿರಂಗಿಲ್ಲ. ನಾಳೆಯಿಂದ ಡ್ರೆಸ್ಸಿಂಗ್ ರೂಮು. ಯಜಮಾನ್ರು ನಾಡಿದ್ದು ಬರ್ತಾರೆ, ಅವರ ಮುಂದೂ ನೀನೇ ಹೇಳ್ಬೇಕು. ಮಕ್ಕಳ ವಿಷಯ ನಾನು ಡಾಕ್ಟರ ಹತ್ರ ಮಾತಾಡ್ತೀನಿ. ಒಂದು ಮಂಚಕ್ಕೆ ಒಬ್ಬ ಹೆಣ್ಮಗಳು, ಒಂದು ಚಾಪೆ. ಗಂಡಸರಿಗಿಲ್ಲ.”

ಯಜಮಾನರ ಮುಂದೆ ಹೇಳಿದ್ದು ವಾರ್ಡಿನ ನಡುವೆ, ಹುಲಿಯಪ್ಪನೂ ಖತೀಜಾಬೀಯೂ ತಾಯಂದಿರೂ ಕೇಳುವ ಹಾಗೆ. “ಅವರು ಕದ್ದು ಬಂದವರಲ್ಲ. ನಾನು ಕೂಡ್ರಿ ಅಂದೆ. ಹೆದರಿ ಇಲ್ಲ ಅಂದೆ.” ನೀಲಕ್ಕ ಗೋಡೆಯ ಕಡೆಯಿಂದ ಮುಖ ತಿರುಗಿಸಿ ನೋಡುತ್ತಿದ್ದಳು. ಯಜಮಾನರು ಏನೋ ಗುರುಗುಟ್ಟಿದರು. ಸಂಜೆಯೊಳಗೆ ಸುದ್ದಿ ಕೆ.ಬಿ. ಬಡಾವಣೆ ಮುಟ್ಟಿತು.

ತೋಟಪ್ಪ ಸೈಕಲ್ಲಿನಲ್ಲಿ ಬಂದ. “ಇಷ್ಟು ದಿನ ಟೀಚರು ಅಂತ ಹೇಳ್ತಿದ್ದೆ. ಇನ್ನು ಮುಂದೆ ಏನಂತ ಹೇಳ್ಲಿ?”

“ನರ್ಸು ಅಂತ ಹೇಳಣ್ಣ,” ಎಂದಳು. ಅವನು ಸೈಕಲ್ಲು ತಿರುಗಿಸಿಕೊಂಡು ಹೋದ.

ಡಾಕ್ಟರು ಮರಿಯವ್ವನ ಮಾತಿಗೆ ಒಪ್ಪಿದರು. ಹರಿಹರದಿಂದ ಬಕ್ಕೇಶನ ತಾಯಿ ಕಸ್ತೂರಮ್ಮ ಚಾಪೆ ಸುತ್ತಿಕೊಂಡು ಬಂದಳು. ಬೇರೆ ಮಂಚಗಳಿಗೂ ತಾಯಿ, ಅಜ್ಜಿ, ದೊಡ್ಡಮ್ಮ ಬಂದರು. ಡ್ರೆಸ್ಸಿಂಗ್ ರೂಮಿನಲ್ಲಿ ಹುಣ್ಣು ತೊಳೆಯುತ್ತಿದ್ದ ದ್ರಾಕ್ಷಾಯಣಿಗೆ ಖತೀಜಾಬೀ ದಿನಾ ವರದಿ ತರುತ್ತಿದ್ದಳು. “ಮಕ್ಕಳು ಹೆಂಗೆ ಮಲಗ್ತಾವೆ ಗೊತ್ತೇನಮ್ಮ, ಕುಂಭಕರ್ಣಗಳು. ಮುದುಕೀರೇ ಗೊರಕಿ ಹೊಡ್ದು ಎಬ್ಬಿಸ್ಬೇಕು. ನಿಮ್ಮ ಹುಡುಗಿ ಎರಡು ಸಲ ಅನ್ನ ಕೇಳ್ತಾಳೆ ಈಗ.”

ಅವಳಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ತನಗೆ ಪಾಲಿಲ್ಲ ಎಂದೂ ಅನ್ನಿಸಿತು. ತಾನೇ ಬೇಡಿ ಪಡೆದ ನಿಯಮ ಅವನನ್ನು ಆ ಜಗಲಿಯಿಂದ ಪೂರ್ತಿ ದೂರ ಮಾಡಿತ್ತು. ಅವನು ಬರುತ್ತಾನೆ, ಹೋಗುತ್ತಾನೆ ಎಂಬುದು ಕಿವಿಗೆ ಬೀಳುತ್ತಿತ್ತು. ಡ್ರೆಸ್ಸಿಂಗ್ ರೂಮಿನ ಕಡೆ ಅವನು ಸುಳಿಯಲಿಲ್ಲ. ಬರಲಿ ಎಂದು ಆಸೆಪಡುವುದಕ್ಕೂ ಅವಳಿಗೆ ಮುಖವಿರಲಿಲ್ಲ.

ನೀಲಕ್ಕನನ್ನು ಮನೆಗೆ ಕಳಿಸುವ ದಿನ ಬಂತು. ಅವತ್ತು ಸಂತೆ ದಿನವಾದ್ದರಿಂದ ಡ್ರೆಸ್ಸಿಂಗ್ ರೂಮಿನ ಬೆಂಚುಗಳು ತುಂಬಿ ಹೊರಗೂ ಸಾಲು ನಿಂತಿತ್ತು. ಕುಕ್ಕುವಾಡದ ಒಬ್ಬ ಅಜ್ಜಿ ಕುಡುಗೋಲು ತಾಗಿದ ಕಾಲು ಚಾಚಿ ಕೂತಿದ್ದಳು. ದ್ರಾಕ್ಷಾಯಣಿ ತಲೆಯೆತ್ತದೆ ಕೆಲಸ ಮಾಡುತ್ತಿದ್ದಳು.

“ಮುಂದಿನವರು ಬರ್ರಿ. ಎಲ್ಲಿ ಗಾಯ?”

“ಗಾಯ ಏನಿಲ್ರಿ.”

ಅವಳ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. ಸಾಲಿನಲ್ಲಿ ಕಾದು ಕಾದು ಬಂದ ಬಕ್ಕೇಶ ಎದುರಿಗೆ ನಿಂತಿದ್ದ. ಒಗೆದ ಅಂಗಿ, ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಪರೀಕ್ಷೆಗೆ ಬಂದ ಹುಡುಗನ ಗಾಬರಿ.

“ನೀವು ಮೇಟ್ರನ್ ಅಮ್ಮೋರ ಹತ್ರ ಏನೋ ಹೇಳಿದ್ರಂತೆ,” ಎಂದ, ಆದಷ್ಟು ಮೆಲ್ಲಗೆ. “ಅವರು ನಮ್ಮವ್ವನ ಹತ್ರ ಹೇಳಿದ್ರಂತೆ. ನಮ್ಮವ್ವ ಇವತ್ತು, ಹೊರಡೋ ಹೊತ್ತಿಗೆ ನನ್ನ ಹತ್ರ ಬಾಯಿ ಬಿಟ್ಲು.”

“ಏನಂದ್ರು?”

“ಅದನ್ನ ನಿಮ್ಮ ಬಾಯಾಗೆ ಕೇಳ್ಬೇಕು ಅಂತ ಸಾಲು ನಿಂತೆ.”

“ಇಷ್ಟು ಜನದ ಮುಂದೆಯಾ?”

“ಬ್ಯಾಡಾಗಿದ್ರೆ ಬ್ಯಾಡ್ರಿ. ಹೊರಗೆ ಟಾಂಗಾ ನಿಂತೈತೆ. ನೀಲಕ್ಕನೂ ಅವ್ವನೂ ಕೂತಿದಾರೆ. ನಾನು ಹೋಗ್ತೀನಿ. ನನಗೆ ಬೇಜಾರಿಲ್ಲ.”

ಬೇಜಾರಿಲ್ಲ ಅನ್ನುವಾಗ ಅವನ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲಲ್ಲಿ ಹುಲಿಯಪ್ಪ ಕತ್ತು ಚಾಚಿ ನಿಂತಿದ್ದ. ಬೆಂಚಿನ ಮೇಲಿನ ಹೆಂಗಸರು ಮಾತು ನಿಲ್ಲಿಸಿದ್ದರು. ದ್ರಾಕ್ಷಾಯಣಿಯ ಕಿವಿ ಸುಡತೊಡಗಿತು. ಸುಟ್ಟರೆ ಸುಡಲಿ ಎಂದುಕೊಂಡಳು.

“ಸಾಲಿನಾಗೆ ಇನ್ನೂ ಜನ ಇದಾರೆ,” ಎಂದಳು, ಕೋಣೆಗೆಲ್ಲ ಕೇಳುವ ಹಾಗೆ. “ಇವರದೆಲ್ಲ ಮುಗಿಸ್ಬೇಕು. ನೀವು ಟಾಂಗಾದಾಗೆ ಕೂಡ್ರಿ. ಡ್ಯೂಟಿ ಮುಗಿಸಿ ಬರ್ತೀನಿ.”

“ಸ್ಟೇಷನ್ ತನಕವೋ?”

“ಮನಿ ತನಕ.”

ಹೋಗಬೇಕೆಂದು ತಿರುಗಿದವನು ದಾರಿ ತಿಳಿಯದವನ ಹಾಗೆ ಔಷಧಿ ಬೀರುವಿಗೆ ಡಿಕ್ಕಿ ಹೊಡೆದು, ಅದಕ್ಕೂ “ತಪ್ಪಾತ್ರಿ” ಎಂದು, ಹುಲಿಯಪ್ಪನ ಪಕ್ಕದಲ್ಲೇ ಹೊರಗೆ ಹೋದ. ಹುಲಿಯಪ್ಪ ದಾರಿ ಬಿಟ್ಟು ನಿಂತ.

ಕುಕ್ಕುವಾಡದ ಅಜ್ಜಿ ಬಗ್ಗಿ ಅವನು ಹೋದ ದಿಕ್ಕನ್ನು ನೋಡಿದಳು. “ಯಾರವ್ವ ಆತ?”

ದ್ರಾಕ್ಷಾಯಣಿ ಮಂಡಿಯೂರಿ ಅಜ್ಜಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗಾಯಕ್ಕೆ ಹತ್ತಿಯಿಟ್ಟು ಒಂದು ಸುತ್ತು ಹಾಕಿದಳು.

“ನಮ್ಮವರು,” ಎಂದಳು.